ಹೂಂಗುಟ್ಟಿದ ಫರಸಿ

ನಾನು ಕಲ್ಲಿಗೆ ಮಾತು ಕಲಿಸಿದವನು. ಸಿಟ್ಟು ಬಂದಾಗ ಮನುಷ್ಯರನ್ನು 'ಕಲ್ಲು' ಎಂದು ಬೈಯುತ್ತೇವಲ್ಲ, ಆ ಕಲ್ಲು ಎಂದುಕೊಳ್ಳಬೇಡಿ. ಆರಡಿ ಉದ್ದ, ಮೂರಡಿ ಅಗಲದ, ಕಾಗಿಣಾ ನದಿ ದಂಡೆಯ ಅಪ್ಪಟ ನೀಲಿ ಫರಸಿ, ನೆಲಕ್ಕೆ ಹಾಸುವ ಚಪ್ಪಡಿ. ಅದಕ್ಕೆ ಮೊದಲು ಕಿವಿ ಕೊಟ್ಟೆ, ಆಮೇಲೆ ಬಾಯಿ ಕೊಟ್ಟೆ, ಕೊನೆಗೆ ಬುದ್ಧಿ ಕೊಟ್ಟೆ. ಅದು ನನ್ನನ್ನು 'ಅಪ್ಪಾ' ಎಂದು ಕರೆಯಿತು. ನಗಬೇಡಿ. ಅದರ ಮಾತು ಕೇಳಬೇಕೆಂದು ನದಿಯ ಆಚೆ ದಂಡೆಯ ಬಂಡೆಗಳು ಉರುಳಿಕೊಂಡು ಬಂದು ಅದು ಇದ್ದ ಶೆಡ್ಡಿನ ಹೊರಗೆ ಸಾಲಾಗಿ ಕೂತಿದ್ದವು. ಅವುಗಳಿಗೆ ಬುದ್ಧಿ ಹೇಳಿ ವಾಪಸು ಕಳಿಸುವಷ್ಟರಲ್ಲಿ ನನ್ನ ಗಂಟಲು ಬಿದ್ದುಹೋಯಿತು.

ಕಥೆ ಹೇಳುವಾಗ ಕೇಳುವವರು ಹೂಂ ಅನ್ನಬೇಕು. ಇಲ್ಲದಿದ್ದರೆ ಕಥೆ ಅಲ್ಲೇ ಕುಂಡಿ ಊರುತ್ತದೆ. ಒಮ್ಮೆ ಹೂಂ ಅನ್ನಿ, ಮುಂದೆ ಹೋಗುತ್ತೇನೆ.

ನನ್ನ ಹೆಸರು ಭೀಮಶಾ. ಫರಸಿಗುಡ್ಡ ಎಂಬ ಖಣಿ ವಸತಿಯ 'ಫರಸಿವಾಣಿ' ರೇಡಿಯೋ ಕೇಂದ್ರಕ್ಕೆ ನಾನೇ ಎಂಜಿನಿಯರ್, ನಾನೇ ವಾರ್ತೆ ಓದುವವನು, ಕರೆಂಟು ಹೋದರೆ ಜನರೇಟರಿನ ಹಗ್ಗ ಎಳೆಯುವವನೂ ನಾನೇ. ಜಗತ್ತಿನ ಬಹು ದೊಡ್ಡ ಕೇಂದ್ರಗಳಲ್ಲಿ ಅದೂ ಒಂದು. ಲಾರಿ ತೂಗುವ ಗುಮಾಸ್ತ ಕೂಡುತ್ತಿದ್ದ ಹಳೆಯ ಕೋಣೆಯಲ್ಲಿತ್ತು. ನಾನು ಮೈಕಿನ ಮುಂದೆ ಕೂತರೆ ಬಾಗಿಲು ಹಾಕಲು ಬರುತ್ತಿರಲಿಲ್ಲ, ಮೊಣಕಾಲು ಅಡ್ಡ ಬರುತ್ತಿತ್ತು.

ಆ ಊರಿನ ಕಥೆ ಇಷ್ಟು. ಹಿಂದೆ ಖಣಿಯಲ್ಲಿ ಉಳಿ, ಸುತ್ತಿಗೆ, ಹಾರೆ ಇದ್ದವಂತೆ. ಹೆಂಗಸರು ಕಲ್ಲು ಒಡೆಯುತ್ತ ಹಾಡುತ್ತಿದ್ದರು, ಅತ್ತೆಯನ್ನು ಬೈಯುತ್ತಿದ್ದರು, ಮಗ್ಗುಲಲ್ಲಿ ಮಲಗಿದ ಕೂಸಿನ ಜೊತೆ ಇಲ್ಲದ್ದೆಲ್ಲ ಮಾತಾಡುತ್ತಿದ್ದರು. ಆಮೇಲೆ ವಜ್ರದ ಹಲ್ಲಿನ ಗರಗಸಗಳು ಬಂದವು. ಇಡೀ ಗುಡ್ಡವನ್ನು ಬ್ರೆಡ್ಡಿನ ಹಾಗೆ ಸೀಳುವ ಯಂತ್ರಗಳು. ಅವುಗಳ ಕಿರುಚಾಟಕ್ಕೆ ಮೇಲೆ ಹಾರುವ ಹದ್ದು ದಿಕ್ಕು ತಪ್ಪಿ ಹೈದರಾಬಾದಿನಲ್ಲಿ ಇಳಿಯುತ್ತಿತ್ತು. ಧೂಳು ಒಳಗೆ ಹೋಗಬಾರದೆಂದು ಎಲ್ಲರಿಗೂ ಮೂಗು, ಬಾಯಿ, ಕಿವಿ ಮುಚ್ಚುವ ಮುಸುಕು. ಮಾತಿಗೆ ಜಾಗವೇ ಉಳಿಯಲಿಲ್ಲ. ಖಣಿಯವರು ಕೈಯಲ್ಲೇ ಮಾತಾಡಲು ಕಲಿತರು. ಅಂಗೈ ಅಡ್ಡ ಬೀಸಿದರೆ 'ಬಂದ್ ಮಾಡು'. ಐದು ಬೆರಳು ಬಾಯಿಗೆ ತಂದರೆ ಊಟ. ಎರಡೂ ಮುಷ್ಟಿ ಎದೆಯ ಕಡೆ ಎಳೆದುಕೊಂಡರೆ 'ಹಿಡಿ, ಕಲ್ಲು ಜಾರುತ್ತಿದೆ'. ಕೆಲಸ ಮುಗಿಸಿ ಮನೆಗೆ ಬಂದರೂ ಕಿವಿಯೊಳಗೆ ಗರಗಸ ಕುಯ್ಯುತ್ತಲೇ ಇರುತ್ತಿತ್ತು, ಹಾಗಾಗಿ ಮನೆಯಲ್ಲೂ ಕೈಯೇ ಆಡುತ್ತಿತ್ತು. ಫರಸಿಗುಡ್ಡದ ಗಂಡ ಹೆಂಡಿರ ಜಗಳ ನೋಡಲಿಕ್ಕೆ ಬಲು ಚೆಂದ, ಕೇಳಲಿಕ್ಕೆ ಏನೂ ಇಲ್ಲ.

ಇದರ ಪೆಟ್ಟು ಬಿದ್ದದ್ದು ಕೂಸುಗಳಿಗೆ. ಹಗಲೆಲ್ಲ ಅವು ಖಣಿಯ ಅಂಚಿನ ತೊಟ್ಟಿಲ ಶೆಡ್ಡಿನಲ್ಲಿ ಇರುತ್ತಿದ್ದವು. ನೋಡಿಕೊಳ್ಳಲು ಕಾಶಿಬಾಯಿ ಎಂಬ ಒಬ್ಬಳೇ ಮುದುಕಿ. ಗರಗಸದ ಸದ್ದಿನಲ್ಲಿ ಅವಳು ಕೂಗಿದ್ದು ಅವಳಿಗೇ ಕೇಳುತ್ತಿರಲಿಲ್ಲ. ಎರಡು ತುಂಬಿದರೂ ಕೂಸುಗಳಿಗೆ ಮಾತಿಲ್ಲ, ಮೂರು ತುಂಬಿದರೂ ಇಲ್ಲ. ಆಗ ಸರ್ಕಾರದ ಹೊಸ ಕಾಯಿದೆ ಬಂದಿತ್ತು. ಮೂರೂವರೆಯೊಳಗೆ ಮಾತು ಬಾರದ ಮಗುವನ್ನು ನಗರದ 'ಮಾತಿನ ಮನೆ'ಗೆ ಒಯ್ದು ಎರಡು ವರ್ಷ ಇಟ್ಟುಕೊಳ್ಳಬೇಕು, ಹೆತ್ತವರು ತಿಂಗಳಿಗೊಮ್ಮೆ ನೋಡಬಹುದು. ಕಾಯಿದೆ ಮಾಡಿದವರ ಮನಸ್ಸು ಒಳ್ಳೆಯದೇ. ಎಳೆಯ ಮಿದುಳಿಗೆ ಕಾಯುವ ತಾಳ್ಮೆ ಇಲ್ಲ, ಆ ವಯಸ್ಸು ದಾಟಿದರೆ ಮಾತಿನ ಬೇರು ಇಳಿಯುವುದು ಕಷ್ಟ. ಆದರೆ ತಾಯಿಯ ಮಡಿಲಿನಿಂದ ಕೂಸನ್ನು ಕಿತ್ತುಕೊಂಡು ಹೋಗುವ ವ್ಯಾನಿಗೆ ಯಾವ ಬಣ್ಣ ಹಚ್ಚಿದರೂ ಅದು ಚೆಂದ ಕಾಣುವುದಿಲ್ಲ.

ಆ ವ್ಯಾನು ಮುಂದೆ ಬರಬೇಕಾಗಿದ್ದದ್ದು ಚಂದಮ್ಮನಿಗಾಗಿ.

ಚಂದಮ್ಮ ಜಗದೇವಿಯ ಮೂರು ತುಂಬಿದ ಮಗಳು. ಜಗದೇವಿ ಖಣಿಯಲ್ಲಿ ಸೀಳಿದ ಫರಸಿಗೆ ಸರಪಳಿ ಕಟ್ಟುವವಳು. ಗಂಡ ಲಾರಿಯ ಮೇಲೆ ಸೋಲಾಪುರದ ಕಡೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಒಂದು ಸಂಜೆ ಅವಳ ರೇಡಿಯೋ ರಿಪೇರಿಗೆಂದು ನಾನು ಮನೆಗೆ ಹೋಗಿದ್ದೆ. ಜಗದೇವಿ ರೊಟ್ಟಿ ಬಡಿಯುತ್ತಿದ್ದಳು. ಮಗಳು ಎದುರಿಗೆ ಕೂತು ಐದು ಬೆರಳು ಬಾಯಿಗೆ ತಂದಳು. ತಾಯಿ ರೊಟ್ಟಿ ಹಾಕಿದಳು. ಮಗಳು ತಿಂದು ಅಂಗೈ ಅಡ್ಡ ಬೀಸಿದಳು. ತಾಯಿ ತಲೆಯಾಡಿಸಿದಳು. ಊಟ ಮುಗಿಯಿತು. ಒಂದು ಅಕ್ಷರ ಹುಟ್ಟಲಿಲ್ಲ.

ಜಗದೇವಿ ನನ್ನ ಕಡೆ ತಿರುಗಿ, ಕಿವಿ ಮಂದವಾದವರು ಮಾತಾಡುವ ಹಾಗೆ ಕೂಗಿ ಹೇಳಿದಳು. "ಡಾಕ್ಟರ್ ಮೇಡಂ ಬಂದಿದ್ರು ಅಣ್ಣಾ. ಕಿವಿ ನೋಡಿದ್ರು. ಕಿವಿ ಚೊಲೋ ಅವ ಅಂದ್ರು. ಮಳಿಗಾಲ ಮುಗಿಯೋದ್ರಾಗ ಮಾತು ಬರಲಿಲ್ಲಂದ್ರ ಒಯ್ತೀವಂದ್ರು."

"ಮಾತಿನ ಮನೀಗಿ?"

"ಹೂಂ. ಗಂಗಾಳ ಬಿದ್ರ ತಿರುಗಿ ನೋಡ್ತಾಳ, ಲಾರಿ ಬಂದ್ರ ಅವ್ರಪ್ಪ ಬಂದ ಅಂತ ಓಡ್ತಾಳ. ಬಾಯಿ ಮಾತ್ರ ಬಿಚ್ಚಲ್ಲ. ನಿನ್ ರೇಡಿಯೋ ಮುಂಜಾನಿಂದ ಸಂಜಿತನ ವಟವಟ ಅಂತದಲ್ಲ, ಅದರಾಗಿಂದು ಒಂದು ಮಾತು ತೆಗೆದು ನನ್ ಮಗಳ ಬಾಯಾಗ ಹಾಕ್ಲಿಕ್ಕಿ ಬರಲ್ಲೇನು?"

"ಒಂದು ಯಾಕ? ಭಾಷಣ ಮಾಡಸ್ತೀನಿ," ಎಂದೆ.

"ಭಾಷಣ ಬ್ಯಾಡ. ಅವ್ವಾ ಅಂದ್ರ ಸಾಕು."

ನಾನು ಕೊಟ್ಟ ಮಾತು ತಪ್ಪುವವನಲ್ಲ. ಮರುದಿನವೇ ನಮ್ಮ ಕೇಂದ್ರದ ಮುಖ್ಯಸ್ಥೆ ರುಬೀನಾ ಮೇಡಂ ಮುಂದೆ ಕೂತು, ಇನ್ನು ಮೇಲೆ ಇಡೀ ದಿನ ಮಕ್ಕಳ ಹಾಡು, ಮಕ್ಕಳ ಕಥೆ, ಮಕ್ಕಳ ವಾರ್ತೆ ಹಾಕೋಣ ಎಂದೆ. ಮೇಡಂ ಚಹಾ ಊದುತ್ತ, "ಈಗೇನ್ ಕಮ್ಮಿ ಹಾಕ್ಲತ್ತೀವೇನು? ಶೆಡ್ಡಿನಾಗ ಸ್ಪೀಕರ್ ಅದ. ನಾವು ಹೇಳ್ತೀವಿ, ಅವು ಕೇಳ್ತಾವ. ಕೇಳಿ ಏನ್ ಮಾಡ್ತಾವ? ಮಕ್ಕೋತಾವ," ಎಂದರು. "ಭೀಮಶಾ, ನಮ್ ರೇಡಿಯೋಕ್ಕ ಬಾಯಿ ಅದ, ಕಿವಿ ಇಲ್ಲ. ಕೂಸಿಗಿ ಬೇಕಾಗಿದ್ದು ಕಿವಿ."

ಇದು ವಿಜ್ಞಾನದ ಮಾತು, ಸ್ವಲ್ಪ ಗಮನ ಕೊಡಿ. ಕೂಸು ಒಂದು ಸದ್ದು ಎಸೆಯುತ್ತದೆ. ಬ್ಬ, ತ್ತ, ಏನೋ ಒಂದು. ಆ ಕ್ಷಣಕ್ಕೆ ಯಾರಾದರೂ ಅದನ್ನು ಹಿಡಿದು ವಾಪಸು ಎಸೆದರೆ ಮಿದುಳಿನಲ್ಲಿ ಒಂದು ತಂತಿ ಗಟ್ಟಿಯಾಗುತ್ತದೆ. ತಡವಾದರೆ ಆಗುವುದಿಲ್ಲ, ಬೇರೆ ಯಾರಿಗೋ ಎಸೆದರೂ ಆಗುವುದಿಲ್ಲ. ಯಾರೂ ಹಿಡಿಯದಿದ್ದರೆ ಕೂಸು ಎಸೆಯುವುದನ್ನೇ ಬಿಡುತ್ತದೆ. ಸಾವಿರ ಹಾಡು ಕೇಳಿಸಿದರೂ ಒಂದು ಉತ್ತರದ ಕೆಲಸ ಅವು ಮಾಡಲಾರವು.

ಉತ್ತರ ಕೊಡುವ ರೇಡಿಯೋ ಬೇಕು. ಅದೂ ಗರಗಸದ ಮಧ್ಯೆ.

ದಾರಿ ತೋರಿಸಿದ್ದು ಬಿಸಿಲು. ಕಲಬುರಗಿಯ ಕಡೆಯ ಬೇಸಿಗೆ ನಿಮಗೆ ಗೊತ್ತಿರಬಹುದು. ಆ ವರ್ಷದ ಬಿಸಿಲಿಗೆ ನನ್ನ ನೆರಳೇ ನನ್ನನ್ನು ಬಿಟ್ಟು ಹುಣಸೆ ಮರದ ಕೆಳಗೆ ಹೋಗಿ ಕೂತಿತ್ತು. ಶೆಡ್ಡಿನ ಕೂಸುಗಳು ಅಂಗಿ ಕಿತ್ತೆಸೆದು ತಣ್ಣನೆಯ ಫರಸಿಯ ಮೇಲೆ ಹಲ್ಲಿಗಳ ಹಾಗೆ ಹೊಟ್ಟೆ ಹಚ್ಚಿ, ಕೆನ್ನೆ ಒತ್ತಿ ಮಲಗುತ್ತಿದ್ದವು. ಅದನ್ನು ನೋಡಿದ ತಕ್ಷಣ ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. ಪಕ್ಕದಲ್ಲಿದ್ದ ಕಾಶಿಬಾಯಿಯ ಕೂದಲು ಸುಟ್ಟ ವಾಸನೆ ಬಂತು ಎಂದರೆ ನೀವೇ ಅಂದಾಜು ಮಾಡಿ. ಗಾಳಿ ಗದ್ದಲದಿಂದ ತುಂಬಿದ್ದರೇನಂತೆ? ಕೆನ್ನೆಯ ಮೂಳೆ ಕಲ್ಲಿಗೆ ಹತ್ತಿದೆ. ಕಲ್ಲು ನಡುಗಿದರೆ ಮೂಳೆ ನಡುಗುತ್ತದೆ, ಮೂಳೆ ನಡುಗಿದರೆ ಒಳಗಿವಿಗೆ ಮಾತು ಮುಟ್ಟುತ್ತದೆ.

ಫರಸಿಯ ಹೊಟ್ಟೆಯ ಕೆಳಗೆ ರೂಪಾಯಿಯಷ್ಟು ಅಗಲದ ಒಂದು ಬಿಲ್ಲೆ ಅಂಟಿಸಿದೆ. ವಿದ್ಯುತ್ತು ಕೊಟ್ಟರೆ ಅದು ನಡುಗಿ ಕಲ್ಲನ್ನೇ ಸ್ಪೀಕರ್ ಮಾಡುತ್ತಿತ್ತು. ಕೂಸು ಕಲ್ಲಿಗೆ ಬಾಯಿ ಹಚ್ಚಿ ಸದ್ದು ಮಾಡಿದರೆ ಅದೇ ಬಿಲ್ಲೆ ಆ ನಡುಕವನ್ನು ತಂತಿಗೆ ಇಳಿಸಿ ನಮ್ಮ ಕೋಣೆಗೆ ಕಳಿಸುತ್ತಿತ್ತು. ಗರಗಸದ ಸ್ವರ ಒಂದೇ ಎತ್ತರದಲ್ಲಿ ಇರುವುದರಿಂದ ಅದನ್ನು ಸೋಸಿ ತೆಗೆಯುವ ಜರಡಿ ಮಾಡುವುದು ನನಗೆ ಎಡಗೈ ಕೆಲಸ. ಹೀಗೆ ಕಲ್ಲಿಗೆ ಕಿವಿಯೂ ಆಯಿತು, ಬಾಯಿಯೂ ಆಯಿತು.

ಬುದ್ಧಿ ಮಾತ್ರ ನಗರದಿಂದ ಬಂತು. 'ಶಿಶುಮಿತ್ರ' ಎಂಬ ಉತ್ತರದ ಯಂತ್ರ. ಲಕ್ಷಾಂತರ ಮಕ್ಕಳ ಮಾತು ಕೇಳಿ ಕಲಿತದ್ದಂತೆ, ಯಾವ ಮಗು ಏನು ಅಂದರೂ ತಕ್ಕ ಉತ್ತರ ಕೊಡುತ್ತದಂತೆ. ಜೋಡಿಸಿದೆವು. ನಾನು ನಮ್ಮ ಕೋಣೆಯಲ್ಲಿ, ಶೆಡ್ಡು ಕಾಣುವ ಕಿಟಕಿಯ ಪಕ್ಕ, ಹೆಡ್‌ಫೋನು ಹಾಕಿ ಕೂತೆ. ಅಂದು ಚಂದಮ್ಮ ಕಲ್ಲಿನ ಮೇಲೆ ಕೆನ್ನೆ ಇಟ್ಟಳು. ಎಷ್ಟೋ ಹೊತ್ತಿನ ಮೇಲೆ ತುಟಿ ಹಚ್ಚಿ, "ಬ್ಬ," ಎಂದಳು.

ಫರಸಿ ಗಂಭೀರವಾಗಿ ನುಡಿಯಿತು: "ಕ್ಷಮಿಸಿ. ನಿಮ್ಮ ಉಚ್ಚಾರಣೆ ಸ್ಪಷ್ಟವಾಗಿಲ್ಲ. ದಯವಿಟ್ಟು ಪುನಃ ಪ್ರಯತ್ನಿಸಿ."

ಚಂದಮ್ಮ ಎದ್ದು ಕೂತಳು. ಕಲ್ಲನ್ನು ನೋಡಿದಳು. ಅಂಗೈ ಅಡ್ಡ ಬೀಸಿದಳು. ಬಂದ್ ಮಾಡು.

ಕಾಶಿಬಾಯಿ ಕೋಣೆಗೆ ಬಂದು ಬಾಗಿಲಲ್ಲೇ ನಿಂತು, "ತಮ್ಮಾ, ಅದ್ಯಾರು ಕಲ್ಲಿನೊಳಗ ಕುಂತು ನಮ್ ಕೂಸುಗೋಳಿಗಿ ಪರೀಕ್ಷಾ ತಗೋಳ್ಳಕತ್ತಾರ? ನನಗೂ ದಯವಿಟ್ಟು ಅಂತದ. ನಮ್ ಮನ್ಯಾಗ ಯಾರೂ ನನಗ ದಯವಿಟ್ಟು ಅಂದಿಲ್ಲ, ಅಂಜಿಕಿ ಬಂತು," ಎಂದಳು.

ಆಗ ನಾನು ತೋಳು ಏರಿಸಿದೆ. ಒಂದು ಲೋಟ ಚಹಾ ಆರುವುದರೊಳಗೆ ಆ ಯಂತ್ರದ ಮಿದುಳು ಬಿಚ್ಚಿ, ಅದರ ಲಕ್ಷಾಂತರ ಮಕ್ಕಳನ್ನು ಹೊರಗೆ ಕಳಿಸಿ, ನನ್ನದೇ ಒಂದು ಸೂತ್ರ ತುಂಬಿ ಮುಚ್ಚಿದೆ. ಭೀಮಶಾ ಸೂತ್ರ. ಹೇಳಿದರೆ ನಿಮಗೆ ಅರ್ಥವಾಗುವುದಿಲ್ಲ, ನನಗೇ ಒಮ್ಮೊಮ್ಮೆ ಆಗುವುದಿಲ್ಲ. ಅದರ ಫಲ ಒಂದೇ. ಕಲ್ಲು ಎಲ್ಲ ಮಾತು ಬಿಟ್ಟು ಒಂದೇ ಮಾತು ಕಲಿಯಿತು.

"ಹೂಂ."

ನನ್ನ ಅಜ್ಜಿ ಕಥೆ ಹೇಳುವಾಗ ನಾವು ಹೂಂ ಅನ್ನುತ್ತಿದ್ದೆವು. ಹೂಂ ನಿಂತರೆ ಅವಳು ಮೊಮ್ಮಕ್ಕಳು ಮಲಗಿದರು ಎಂದುಕೊಂಡು ರಾಜಕುಮಾರನನ್ನು ಕಾಡಿನ ಮಧ್ಯೆಯೇ ಬಿಟ್ಟು ಗೊರಕೆ ಹೊಡೆಯುತ್ತಿದ್ದಳು. ಆ ಅಕ್ಷರಕ್ಕೆ ಅಷ್ಟು ಶಕ್ತಿ. 'ಕೇಳಿದೆ, ಇಲ್ಲೇ ಇದ್ದೇನೆ, ಮುಂದೆ ಹೇಳು' ಎಂಬ ಮೂರೂ ಅರ್ಥ ಅದರೊಳಗಿದೆ. ಫರಸಿಗುಡ್ಡದಲ್ಲಿ ಹೂಂ ಸತ್ತುಹೋಗಿತ್ತು. ಎಲ್ಲರೂ ತಲೆಯಾಡಿಸುತ್ತಿದ್ದರು, ಆಡಿಸಿದ ತಲೆಗೆ ಸದ್ದಿಲ್ಲ.

ಚಂದಮ್ಮ ಮತ್ತೆ ಕಲ್ಲಿಗೆ ಬಾಯಿ ಹಚ್ಚಿದಳು. "ಬ್ಬ."

"ಹೂಂ," ಎಂದಿತು ಫರಸಿ.

ಅವಳು ಕಣ್ಣು ಅರಳಿಸಿದಳು. "ಬ್ಬ ಬ್ಬ?"

"ಹೂಂ?"

ಅಂದು ಸಂಜೆಯವರೆಗೆ ಅವಳು ಆ ಕಲ್ಲು ಬಿಟ್ಟು ಏಳಲಿಲ್ಲ. ಮರುದಿನ ಅವಳ ಮಗ್ಗುಲಲ್ಲಿ ಮತ್ತೆ ನಾಲ್ಕು ಕೂಸು. ನಾನು ಇನ್ನಷ್ಟು ಫರಸಿಗಳಿಗೆ ಬಿಲ್ಲೆ ಅಂಟಿಸಿದೆ. ಒಂದೊಂದು ಕಲ್ಲಿಗೂ ಒಂದೊಂದು ತಂತಿ, ನನ್ನ ಮೇಜಿನ ಮೇಲೆ ಒಂದೊಂದು ಗುಂಡಿ. ಶ್ರಾವಣ ಬರುವಷ್ಟರಲ್ಲಿ ನನ್ನ ಯಂತ್ರ ಎಷ್ಟು ಜಾಣವಾಯಿತೆಂದರೆ ಅಚ್ಚರಿಯ ಹೂಂ ಬೇರೆ, ಅನುಮಾನದ ಹೂಂ ಬೇರೆ, 'ಸುಳ್ಳು ಹೇಳಬೇಡ' ಎಂಬ ಹೂಂ ಬೇರೆ. ವಿದೇಶದ ಏಳು ವಿಶ್ವವಿದ್ಯಾಲಯಗಳು ಆ ಹೂಂಗಳನ್ನು ಕೊಳ್ಳಲು ಬಂದವು. ನಾನು ಒಂದನ್ನೂ ಮಾರಲಿಲ್ಲ.

ಸಣ್ಣ ಪುಟ್ಟ ತೊಂದರೆ ಇರಲಿಲ್ಲ ಎನ್ನಲಾರೆ. ಒಮ್ಮೆ ಫರಸಿ ಸೀನಿತು. ಯಂತ್ರಕ್ಕೂ ಧೂಳು ಹೋಗುತ್ತದೆ ಎಂದು ಕಾಶಿಬಾಯಿಗೆ ವಿವರಿಸಿದೆ. ಅವಳು ನನ್ನ ಮೂಗನ್ನೇ ನೋಡುತ್ತ ಕೇಳಿದಳು.

"ಆತು, ಸೀನಲಿ. ಮಧ್ಯಾಹ್ನ ಊಟದ ಹೊತ್ತಿಗಿ ಕಲ್ಲು ಬಾಯಾಗ ತುತ್ತು ಇಟ್ಕೊಂಡು ಹೂಂ ಅಂತದಲ್ಲ, ಅದ್ಯಾಕ?"

"ಅದು ಕಲೀಲಕತ್ತದ ಆಯಿ. ಸುತ್ತ ಜನ ಹ್ಯಾಂಗ ಮಾತಾಡ್ತಾರ ಹಂಗೇ ಕಲೀತದ."

"ನಿನ್ನಿ ಜ್ವಾಳದ ರೊಟ್ಟಿ ಇತ್ತು, ಕಟಕಟ ಅಂತಿತ್ತು," ಎಂದು ಅವಳು ತನ್ನಷ್ಟಕ್ಕೆ ಹೇಳಿಕೊಂಡು ಹೋದಳು. ರುಬೀನಾ ಮೇಡಂ ಮಾತ್ರ, ನಾನು ಯಂತ್ರದ ಗುಣಗಾನ ಮಾಡಿದಾಗಲೆಲ್ಲ ಕಿಟಕಿಯ ಕಡೆ ಮುಖ ತಿರುಗಿಸಿ ಕೂಡುತ್ತಿದ್ದರು. ಅವರ ಭುಜಗಳು ಅಲುಗುತ್ತಿದ್ದವು. ಅದು ಅಭಿಮಾನದ ನಡುಕ ಎಂದು ನಾನು ತಿಳಿದಿದ್ದೆ.

ಚಂದಮ್ಮ ಕಲ್ಲಿಗೆ ಏನೇನು ಹೇಳುತ್ತಿದ್ದಳು ಎಂಬುದಕ್ಕೆ ರೆಕಾರ್ಡು ಇದೆ. ಮೊದಲು ಬ್ಬ, ಆಮೇಲೆ ಲಾಯಿ, ಅಂದರೆ ಲಾರಿ. ಆಮೇಲೆ 'ಲಾಯಿ ಬಂತು'. ಆಮೇಲೆ 'ಲಾಯಿ ಬಂತು ಅಪ್ಪ ಬಲ್ಲಿಲ್ಲ'. ಈ ಕೊನೆಯದನ್ನು ಕೇಳಿ ಫರಸಿಗೆ ಹೂಂ ಅನ್ನಲು ಸ್ವಲ್ಪ ತಡವಾಯಿತು. ಯಂತ್ರಗಳಿಗೂ ಗಂಟಲು ಕಟ್ಟುತ್ತದೆ.

ಆದರೆ ಒಂದು ಸಂಜೆ ಜಗದೇವಿ ಮುಸುಕು ಸಹ ತೆಗೆಯದೆ ಕೋಣೆಗೆ ಬಂದಳು. ಮುಸುಕು ಕಿತ್ತು ಮೇಜಿನ ಮೇಲೆ ಬಡಿದಳು.

"ಭಾಷಣ ಮಾಡಸ್ತೀನಂದಿ. ಕಲ್ಲಿಗಿ ಮಾಡ್ಲಕತ್ತಾಳ. ಮನಿಗಿ ಬಂದ್ರ ನಮ್ಮ ಮನಿ ನೆಲಕ್ಕ ಕಪಾಳ ಹಚ್ಚಿ ಕಾಯ್ತಾಳ. ನಮ್ ನೆಲ ಏನು ಅಂತದ? ಸುಮ್ನಿರ್ತದ. ಎದ್ದು ನನಗ ಕೈ ಮಾಡ್ತಾಳ. ನಾ ಏನ್ ಕಲ್ಲಿಗಿಂತ ಕಡಿ ಅದೀನೇನಣ್ಣಾ?"

"ನೀ ಅಕಿಗಿ ಹೂಂ ಅಂತೀಯೇನು?"

"ತಲಿ ಆಡಸ್ತೀನಲ್ಲ!"

"ಬಾಯಿಲೆ ಅನ್ನು."

ಅವಳು ಮೇಜಿನ ಮೇಲಿನ ಮುಸುಕನ್ನು ಎತ್ತಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ, ಅವಳಿಗೆ ಅಷ್ಟು ಸಣ್ಣ ದನಿ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ, "ಅಕಿ ಮಾತಾಡಿದ್ದು ನನಗ ಕೇಳ್ಸಲ್ಲಣ್ಣಾ. ಕಿವ್ಯಾಗ ಗರಗಸ ಅದ. ಎಲ್ಲಿ ಹೂಂ ಅನ್ನಬೇಕು ನನಗ ಗೊತ್ತಾಗಲ್ಲ," ಎಂದಳು.



ಮಳೆಗಾಲ ಮುಗಿಯಿತು. ಡಾಕ್ಟರ್ ಅನಸೂಯಾ ಮೇಡಂ ಬಂದರು. ಜೊತೆಗೆ ಶಿಶುಮಿತ್ರದವರು ಇಬ್ಬರು, ತಮ್ಮ ಯಂತ್ರದ ಪವಾಡ ನೋಡಲು. ಶೆಡ್ಡಿನ ಹೊರಗೆ ಬಿಳಿ ವ್ಯಾನು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿ, ಎಣ್ಣೆ ಹಚ್ಚಿ, ಶೆಡ್ಡಿನ ಮಧ್ಯೆ ನಿಂತು ಭೀಮಶಾ ಸೂತ್ರದ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಅವರು ಬಂದಿದ್ದಾರೆಂದು ಆ ಹೊತ್ತಿಗೆ ಗರಗಸ ನಿಲ್ಲಿಸಿದ್ದರು. ನನ್ನ ದನಿ ಅಷ್ಟು ಸ್ಪಷ್ಟವಾಗಿ ನನಗೇ ಕೇಳಿ ಸಂತೋಷವಾಯಿತು.

"ತೋರ್ಸ್ರಿ ನೋಡೋಣ," ಎಂದರು ಡಾಕ್ಟರ್.

ಚಂದಮ್ಮ ಫರಸಿಯ ಮೇಲೆ ಮಲಗಿ ಕೆನ್ನೆ ಇಟ್ಟಳು. ತುಟಿ ಹಚ್ಚಿದಳು. "ಇಲಿ ಬಂತು."

ಕಲ್ಲು ಸುಮ್ಮನಿತ್ತು.

"ಇಲಿ ಬಂತು?"

ಕಲ್ಲು ಸುಮ್ಮನೇ ಇತ್ತು. ಶಿಶುಮಿತ್ರದವರು ಒಬ್ಬರ ಮುಖ ಒಬ್ಬರು ನೋಡಿದರು. ಚಂದಮ್ಮ ಅಂಗೈಯಿಂದ ಕಲ್ಲು ತಟ್ಟಿದಳು, ಬಾಗಿಲು ತಟ್ಟಿದ ಹಾಗೆ. ಮತ್ತೆ ಕೆನ್ನೆ ಇಟ್ಟಳು. ಆಮೇಲೆ ಎದ್ದು ಕೂತಳು. ಅಂಗೈ ಅಡ್ಡ ಬೀಸಿದಳು.

"ತಂತಿ ಸಡಿಲಾಗಿರಬೇಕ್ರಿ," ಎಂದೆ ನಾನು. "ಮಳೆಗೆ. ಆದರೆ ರೆಕಾರ್ಡು ಇದೆ!" ಮೊಬೈಲ್ ತೆಗೆದು ಕೇಳಿಸಿದೆ. ಲಾಯಿ ಬಂತು, ಅಪ್ಪ ಬಲ್ಲಿಲ್ಲ. ಹೂಂ. ನಡುವೆ ನಡುವೆ ಹೂಂ.

ಡಾಕ್ಟರ್ ಕಣ್ಣು ಮುಚ್ಚಿ ಪೂರಾ ಕೇಳಿದರು. ಅವರ ಮುಖದಲ್ಲಿ ನಿಜವಾದ ನೋವಿತ್ತು. "ಭಾಳ ಚೆಂದ ಮಾತಾಡ್ಯಾಳ. ಆದ್ರ ಇದು ಯಂತ್ರದ ಜೋಡಿ ಆಡಿದ ಮಾತು ಭೀಮಶಾ. ಕಾಯಿದೆಯೊಳಗ ಇದು ಲೆಕ್ಕಕ್ಕಿಲ್ಲ. ಲೆಕ್ಕಕ್ಕಿರಬಾರದು ಕೂಡ. ಕೂಸು ಮನುಷ್ಯನಿಗಿ ಉತ್ತರ ಕೊಡಬೇಕು. ಕಲ್ಲಿಗಷ್ಟೇ ಮಾತಾಡಿದ್ರ ನಾಳೆ ಈ ಕಲ್ಲು ಬಂದ್ ಆದ ಮ್ಯಾಲ ಅಕಿ ಏನ್ ಮಾಡಬೇಕು? ಈಗ ನೀವೇ ನೋಡಿದ್ರಲ್ಲ. ನಾ ಅಕಿನ್ನ ಕರ್ಕೊಂಡು ಹೋಗ್ಬೇಕಾಗ್ತದ."

ಹೊರಗೆ ವ್ಯಾನಿನ ಬಾಗಿಲು ಸರಿಸಿದ ಸದ್ದಾಯಿತು.

ಶೆಡ್ಡಿನ ಬಾಗಿಲಲ್ಲಿ ಜಗದೇವಿ ನಿಂತಿದ್ದಳು. ಮುಖದ ಮೇಲೆ ಮುಸುಕು, ಮೈಯೆಲ್ಲ ಧೂಳು. ಅವಳಿಗೆ ಏನು ಕೇಳಿಸಿತೋ ಬಿಟ್ಟಿತೋ. ನನ್ನನ್ನೇ ನೋಡುತ್ತ ಎರಡೂ ಮುಷ್ಟಿಗಳನ್ನು ಎದೆಯ ಕಡೆ ಎಳೆದುಕೊಂಡಳು. ಹಿಡಿ. ಕಲ್ಲು ಜಾರುತ್ತಿದೆ, ಹಿಡಿ. ಮತ್ತೆ ಎಳೆದುಕೊಂಡಳು, ಮತ್ತೆ. ಅವಳ ಹಿಂದೆ ರುಬೀನಾ ಮೇಡಂ ನಿಂತಿದ್ದರು. ಅವರ ಭುಜ ಈಗ ಅಲುಗುತ್ತಿರಲಿಲ್ಲ.

ನನ್ನ ಎದುರಿಗೆ ಎರಡು ದಾರಿ ಇತ್ತು. ಕಲ್ಲಿಗೆ ಮಾತು ಕಲಿಸಿದ ಭೀಮಶಾ ಆಗಿಯೇ ಉಳಿಯುವುದು ಒಂದು. ಇನ್ನೊಂದನ್ನು ಆಯ್ದುಕೊಳ್ಳುವ ಮೊದಲೇ ನನ್ನ ಬಾಯಿ ತನ್ನ ಕೆಲಸ ಮಾಡಿತು.

"ಹೂಂ?" ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಚಂದಮ್ಮ ಮಾತ್ರ ಮೊದಲು ಕಲ್ಲನ್ನು ನೋಡಿದಳು, ಆಮೇಲೆ ನನ್ನನ್ನು. ಎದ್ದಳು. ಒಂದೊಂದೇ ಹೆಜ್ಜೆ ಇಡುತ್ತ ಬಂದು ನನ್ನ ಇಸ್ತ್ರಿ ಅಂಗಿಯ ಮೇಲೆ, ಹೊಟ್ಟೆಗೆ ಸರಿಯಾಗಿ, ಕೆನ್ನೆ ಒತ್ತಿದಳು. ಪರೀಕ್ಷೆ ಮಾಡುವವಳ ಹಾಗೆ, "ಇಲಿ ಬಂತು," ಎಂದಳು.

"ಹೂಂ," ಎಂದಿತು ನನ್ನ ಹೊಟ್ಟೆ.

ಅವಳು ತಲೆ ಎತ್ತಿ, ಬೆರಳು ತೋರಿಸಿ, ಶೆಡ್ಡಿಗೆಲ್ಲ ಕೇಳುವ ಹಾಗೆ ಕೂಗಿದಳು. "ಕಲ್ಲು! ಇವ ಕಲ್ಲು!"

ಕಾಶಿಬಾಯಿ ಹಣೆ ಬಡಿದುಕೊಂಡು ನಕ್ಕಳು. "ರೊಟ್ಟಿ ತಿನ್ನೋ ಕಲ್ಲು!"

"ಇಲಿ ಬಂತು. ರೊಟ್ಟಿ ಒಯ್ತು. ಅವ್ವ ಬೈದ್ಳು," ಎಂದು ಚಂದಮ್ಮ ಒಂದೇ ಉಸಿರಿಗೆ ನನ್ನ ಮುಖ ನೋಡಿ ಹೇಳಿದಳು.

ಜಗದೇವಿ ಮುಸುಕು ಕಿತ್ತೆಸೆದು ಬಂದು ಮಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಮಗಳ ತುಟಿಗಳನ್ನೇ ಕಣ್ಣಿಟ್ಟು ನೋಡಿದಳು. ತುಟಿ ನಿಂತ ಕೂಡಲೇ, ಎಲ್ಲಿ ಅನ್ನಬೇಕೋ ಸರಿಯಾಗಿ ಅಲ್ಲಿ, ಬಾಯಿಬಿಟ್ಟು ಅಂದಳು.

"ಹೂಂ?"

ಚಂದಮ್ಮ ತಾಯಿಯ ಎದೆಗೆ ಕೆನ್ನೆ ಹಚ್ಚಿದಳು. "ಅವ್ವಾ," ಎಂದಳು, "ಇಲಿ ಬೈಬ್ಯಾಡ."

ಡಾಕ್ಟರ್ ಹೊರಗೆ ಹೋಗಿ ವ್ಯಾನಿನ ಬಾಗಿಲು ತಾವೇ ಎಳೆದು ಮುಚ್ಚಿದರು. ಒಳಗೆ ಬಂದು ನನ್ನನ್ನು ಕೇಳಿದರು. "ಈಗ ಖರೇ ಹೇಳ್ರಿ. ಭೀಮಶಾ ಸೂತ್ರ ಏನದು?"

ಸಿಕ್ಕಿಬಿದ್ದವನು ಮತ್ತೇನು ಮಾಡಲಿ? ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಸೂತ್ರ ಗೀತ್ರ ಏನೂ ಇಲ್ಲ. ಶಿಶುಮಿತ್ರವನ್ನು ಸರಿಪಡಿಸಲು ಹೋಗಿ ನಾನು ಅದರ ತಂತಿ ಕಿತ್ತೆ, ಆಮೇಲೆ ಎಲ್ಲಿಂದ ಕಿತ್ತೆನೋ ಮರೆತೆ. ಅದರ ಪೆಟ್ಟಿಗೆಯ ಮೇಲೆ ನಾನು ಚಹಾ ಇಡುತ್ತಿದ್ದೆ. ಆ ಗಡಿಬಿಡಿಯಲ್ಲಿ ಮೈಕು ಆರಿಸುವುದನ್ನೂ ಮರೆತಿದ್ದೆ. ಹೆಡ್‌ಫೋನಿನಲ್ಲಿ ಒಂದು ಕೂಸು 'ಬ್ಬ' ಎಂದಿತು. ಅಜ್ಜಿಯ ಕಥೆಗೆ ಹೂಂಗುಟ್ಟಿ ಬೆಳೆದ ಬಾಯಿ ತಾನಾ­ಗಿಯೇ 'ಹೂಂ' ಎಂದಿತು. ಅಷ್ಟೇ ಆದದ್ದು. ಆಮೇಲೆ ಬಿಡಲಿಕ್ಕೆ ಮನಸ್ಸಾಗಲಿಲ್ಲ. ಸೀನಿದ್ದು ನಾನು, ಜೋಳದ ರೊಟ್ಟಿ ಕಟಕಟ ಅಂದದ್ದು ನನ್ನ ಹಲ್ಲು, ಗಂಟಲು ಕಟ್ಟಿದ್ದೂ ನನ್ನದೇ. ರುಬೀನಾ ಮೇಡಂಗೆ ಮೊದಲ ವಾರದಿಂದಲೇ ಗೊತ್ತಿತ್ತು. ನಾನು ಬಯಲಿಗೆ ಹೋದಾಗ ಗುಂಡಿ ಒತ್ತಿ ಹೂಂ ಅನ್ನುತ್ತಿದ್ದವರು ಅವರೇ. ಪರೀಕ್ಷೆಯ ಹೊತ್ತಿಗೆ ಕಲ್ಲು ಸುಮ್ಮನಿದ್ದದ್ದು, ಭಾಷಣದ ಭರದಲ್ಲಿ ನಾನು ಮೈಕಿನ ಮುಂದೆ ಯಾರನ್ನೂ ಕೂರಿಸದೆ ಬಂದಿದ್ದರಿಂದ. ವಿದೇಶದ ವಿಶ್ವವಿದ್ಯಾಲಯ ಒಂದೂ ಬರಲಿಲ್ಲ. ಉರುಳಿ ಬಂದ ಬಂಡೆಗಳು ಲಾರಿಯಿಂದ ಬಿದ್ದಂಥವು.

ಈಗ ಖಣಿಯ ಮುಸುಕುಗಳ ಒಳಗೆ ಒಂದೊಂದು ಸಣ್ಣ ಮೈಕು ಇದೆ, ಕಿವಿಯ ಹಿಂದಿನ ಮೂಳೆಗೆ ತಾಗುವ ಹಾಗೆ ಒಂದೊಂದು ಬಿಲ್ಲೆ. ಕೇಳಿದ್ದು ಜಗದೇವಿ. "ಕಲ್ಲಿಗಿ ಕಿವಿ ಮಾಡಿದಿ, ನನಗ ಮಾಡ್ಲಿಕ್ಕಿ ಏನ್ ರೋಗ?" ಎಂದು ಜಗಳ ತೆಗೆದು ಮಾಡಿಸಿಕೊಂಡಳು. ಕೂಸು ಶೆಡ್ಡಿನ ಫರಸಿಗೆ ತುಟಿ ಹಚ್ಚಿದರೆ, ಕೆಳಗೆ ಖಣಿಯಲ್ಲಿ ಸರಪಳಿ ಕಟ್ಟುತ್ತಿರುವ ಅದರ ತಾಯಿಗೆ ಮೂಳೆಯ ದಾರಿಯಲ್ಲಿ ಕೇಳುತ್ತದೆ, ಅವಳು ಹೂಂ ಅನ್ನುತ್ತಾಳೆ. ನನ್ನ ಕೋಣೆಯಲ್ಲಿ ಕೂತು ಹೆಡ್‌ಫೋನು ಹಾಕಿದರೆ ಆ ಗುಡ್ಡದ ತುಂಬ ಹೂಂ, ಹೂಂ, ಹೂಂ. ನನಗೆ ಅಲ್ಲಿ ಕೆಲಸವೇ ಇಲ್ಲ, ಜನರೇಟರಿನ ಹಗ್ಗ ಎಳೆಯುವುದೊಂದು ಬಿಟ್ಟು.

ಇನ್ನು ಕಲ್ಲು ನನ್ನನ್ನು ಅಪ್ಪಾ ಎಂದು ಕರೆಯಿತು ಎಂದಿದ್ದೆನಲ್ಲ, ಅದೂ ಸುಳ್ಳು. ಕರೆದದ್ದು ಚಂದಮ್ಮ, ಅದೂ 'ಕಲ್ಲು' ಎಂದು. ಫರಸಿಗುಡ್ಡದಲ್ಲಿ ಭೀಮಶಾನ ಮನೆ ಎಲ್ಲಿ ಎಂದು ಕೇಳಿದರೆ ಇವತ್ತಿಗೂ ಯಾರೂ ತೋರಿಸುವುದಿಲ್ಲ, ಕಲ್ಲಿನ ಮನೆ ಎಂದು ಕೇಳಬೇಕು. ಅಲ್ಲಿರುವುದೆಲ್ಲ ಕಲ್ಲಿನ ಮನೆಗಳೇ ಆದ್ದರಿಂದ ನೀವು ಸ್ವಲ್ಪ ಅಲೆಯಬೇಕಾಗುತ್ತದೆ.

ಇಷ್ಟು ಮಾತ್ರ ನಿಜ. ಈಗಲಾದರೂ ಹೂಂ ಅನ್ನಿ.